ಬರಿಗೈಯ ಸುತ್ತು

“ಅಪ್ಪಾವರೆ, ಬಿಟ್ಟುಹೋದವನು ಮರಳಿ ಬಂದ ಮೇಲೂ ಬಂದಂತೆ ಅನ್ನಿಸದಿದ್ದರೆ ಅದಕ್ಕೆ ಏನು ಕಾರಣ?”

ಕೇಳಿದವನು ರಾಚಯ್ಯ. ಆ ಮಠದ ಗುರುಗಳನ್ನು ಎಲ್ಲರೂ ಅಪ್ಪಾವರು ಎಂದೇ ಕರೆಯುತ್ತಿದ್ದರು. ರಾಚಯ್ಯ ಚಿಕ್ಕಂದಿನಿಂದ ಅವರ ಬಳಿಯೇ ಬೆಳೆದವನು. ಒಂದು ದಿನ ಭಕ್ತರೆಲ್ಲ ಕೂತಿದ್ದಾಗ, “ಈ ಮಠದೊಳಗೆ ನಾನು ಕಲಿಯುವಂಥದ್ದು ಇನ್ನೇನೂ ಉಳಿದಿಲ್ಲ” ಎಂದು ಹೇಳಿ ಎದ್ದುಹೋದ. ಕೆಲವು ವರ್ಷ ಅಲ್ಲಿ ಇಲ್ಲಿ ಇದ್ದು ಈ ಬೇಸಿಗೆಯಲ್ಲಿ ಹಿಂದಿರುಗಿದ. ಅಪ್ಪಾವರು ಏನೂ ಕೇಳಲಿಲ್ಲ. “ಪ್ರಸಾದ ತೊಗೋ” ಎಂದರು. ಮೊದಲಿನ ಕೋಣೆಯನ್ನೇ ಕೊಟ್ಟರು. ರಾಚಯ್ಯನೂ ಏನೂ ಹೇಳಲಿಲ್ಲ.

“ಇಲ್ಲಿ ನಿನಗೆ ಏನು ಕೊರತೆಯಾಯಿತು?” ಎಂದರು ಅಪ್ಪಾವರು.

“ಕೊರತೆ ಏನೂ ಇಲ್ಲ. ಅದೇ ಕೋಣೆ, ಅದೇ ಪೂಜೆ, ಅದೇ ಪಂಕ್ತಿ. ಆದರೂ ಪರಸ್ಥಳದವನ ಹಾಗೆ ಇದ್ದೇನೆ. ಮೊದಲಿನಂತೆ ಆಗಬೇಕು ಎಂದು ಜೀವ ಎಳೆಯುತ್ತದೆ.”

ಅಪ್ಪಾವರು ಗೋಡೆಗೆ ಒರಗಿ ಕೂತರು.

“ಒಬ್ಬ ಫಿಟ್ಟರನ ಕತೆ ಹೇಳುತ್ತೇನೆ. ಅದರಲ್ಲಿ ಯಂತ್ರದ ಮಾತು ಬರುತ್ತದೆ. ಈ ಮುದುಕನಿಗೆ ಯಂತ್ರವೇನು ಗೊತ್ತು ಎಂದು ನಗಬೇಡ. ಆ ಫಿಟ್ಟರ್ ಸೋಮವಾರ ಸೋಮವಾರ ಇಲ್ಲಿಗೆ ಬರುವವನು. ನನಗೆ ತಿಳಿಯುವವರೆಗೂ ಅವನನ್ನು ಬಿಡದೆ ಕೂರಿಸಿಕೊಂಡು ಕೇಳಿದ್ದೇನೆ. ಅವನಿಗೇ ಬೇಸರ ಬಂತು, ನನಗೆ ಬರಲಿಲ್ಲ. ನೀನು ನಡುವೆ ಬಾಯಿ ಹಾಕದೆ ಕೇಳು.”

ಹಾಗೆಂದು ಅಪ್ಪಾವರು ಹೇಳತೊಡಗಿದರು.

ಒಬ್ಬ ಫಿಟ್ಟರ್ ಇದ್ದ. ತಾಯಿ ತೀರಿಕೊಂಡಾಗ ಅವನು ಬಹಳ ಸಣ್ಣವನು. ಅಕ್ಕ ಅವನನ್ನು ಸಾಕಿದಳು. ಸಾಕುವುದು ಎಂದರೆ ಬರೀ ಅನ್ನ ಹಾಕುವುದಲ್ಲ. ಅವಳು ಹೊತ್ತುಹೊತ್ತಿಗೆ ಬೈದಳು. ಕಾಲು ತೊಳೆಯದೆ ಒಳಗೆ ಬಂದರೆ ಬೈದಳು, ತಟ್ಟೆಯಲ್ಲಿ ಅನ್ನ ಬಿಟ್ಟರೆ ಬೈದಳು, ಜ್ವರ ಬಂದರೆ ಅದಕ್ಕೂ ಅವನನ್ನೇ ಬೈದಳು. ಮದುವೆಯಾಗಿ ಗಂಡನ ಮನೆಗೆ ಹೋದಳು, ಬಂದಾಗಲೆಲ್ಲ ಬೈದಳು. ಗಂಡ ಸತ್ತ, ಆಮೇಲೂ ಆ ಬಾಯಿ ನಿಲ್ಲಲಿಲ್ಲ. ತಮ್ಮನಿಗೆ ಅದು ಹಿತವಾಗಿತ್ತು. ಅಕ್ಕ ಬೈದರೆ ಅವನಿಗೆ ಮನೆಗೆ ಬಂದ ಹಾಗೆ ಆಗುತ್ತಿತ್ತು.

ಅವನಿಗೂ ಮದುವೆಯಾಗಿ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬಂತು. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅದು ಅವಳ ಹಕ್ಕು. ಅಕ್ಕ ತನ್ನ ಕೈಯಿಂದಲೇ ಕೂಸಿನ ತಲೆಗೆ ಕುಂಚಿಗೆ ಹೊಲಿದುಕೊಂಡು ಬಂದಳು. ಫಿಟ್ಟರನ ಮಾವ ಅವನನ್ನು ಪಕ್ಕಕ್ಕೆ ಕರೆದು, ಗಂಡ ಸತ್ತವಳು ಹೆಸರು ಹೇಳುವುದು ಬೇಡ ಎಂದ. ಫಿಟ್ಟರ್ ಎದುರಾಡಲಿಲ್ಲ. ಜನ ತುಂಬಿದ ಪಡಸಾಲೆಯಲ್ಲಿ, ತೊಟ್ಟಿಲಿನ ಹತ್ತಿರ ಬಂದು ನಿಂತಿದ್ದ ಅಕ್ಕನ ಕಡೆ ತಿರುಗಿ, “ಅಕ್ಕಾ, ನೀ ಒಳಗ ಹೋಗಿ ಅಡಿಗಿ ನೋಡು” ಎಂದ.

ಅಷ್ಟೇ ಮಾತು. ಅಕ್ಕ ಒಳಗೆ ಹೋದಳು. ಹೆಂಡತಿಯ ತಂಗಿ ಮಗುವಿಗೆ ಹೆಸರು ಹೇಳಿದಳು. ಅಕ್ಕ ಬಂದವರಿಗೆಲ್ಲ ಬಡಿಸಿದಳು, ತಾನು ಉಣ್ಣಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದಳು. ಫಿಟ್ಟರ್ ಬಾಗಿಲಿನವರೆಗೂ ಬರಲಿಲ್ಲ.

ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟರು. ಅವನು ಹೋಗಲಿಲ್ಲ, ಅವಳು ಬರಲಿಲ್ಲ. ವರ್ಷಗಳು ಕಳೆದವು. ಕೊನೆಗೆ ಬಂಧುಗಳೊಬ್ಬರ ಮದುವೆಯಲ್ಲಿ ಊಟಕ್ಕೆ ಇಬ್ಬರೂ ಒಬ್ಬರ ಪಕ್ಕ ಒಬ್ಬರು ಕೂರುವಂತಾಯಿತು. “ಮಗಳು ಸಾಲಿಗಿ ಹೊಂಟಾಳೇನು?” ಎಂದು ಅಕ್ಕ ಕೇಳಿದಳು. “ಹೂಂ, ಹೊಂಟಾಳ” ಎಂದ. ಎಲೆ ಎತ್ತುವುದರೊಳಗೆ ಇನ್ನೂ ನಾಲ್ಕು ಮಾತಾದವು. ನೋಡಿದವರೆಲ್ಲ, ಅಂತೂ ಸರಿಹೋಯಿತು ಎಂದರು. ಫಿಟ್ಟರನೂ ಹಾಗೆಯೇ ಅಂದುಕೊಂಡ. ನಮ್ಮ ಜನ ರಾಜಿಯಾಗುವುದೇ ಹೀಗೆ. ಜಗಳ ಎಲ್ಲಿ ಆಯಿತೋ ಆ ಜಾಗಕ್ಕೆ ಯಾರೂ ಹೋಗುವುದಿಲ್ಲ. ಊರೆಲ್ಲ ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಚಹಾ ಆಯಿತೇ ಎಂದು ಕೇಳುತ್ತಾರೆ.

ಅವನು ಅಕ್ಕನ ಮನೆಗೆ ಹೋಗಿಬರತೊಡಗಿದ. ಹೋದಾಗಲೆಲ್ಲ ಅಕ್ಕ ಚಾಪೆ ಹಾಸುತ್ತಿದ್ದಳು. ತಂಬಿಗೆಯಲ್ಲಿ ನೀರು ಕೊಡುತ್ತಿದ್ದಳು. ಊಟಕ್ಕೆ ಹೋಳಿಗೆ ಮಾಡುತ್ತಿದ್ದಳು. ಸಾಕು ಎಂದರೆ ಸುಮ್ಮನಾಗುತ್ತಿದ್ದಳು. ಅವನು ಕಾಲು ತೊಳೆಯದೆ ಒಳಗೆ ಹೋದ, ಅವಳು ಬೈಯಲಿಲ್ಲ. ಒಮ್ಮೆ ಬೇಕೆಂದೇ ತಟ್ಟೆಯ ತುಂಬ ಅನ್ನ ಬಿಟ್ಟು ಎದ್ದ. ಅಕ್ಕ ತುಟಿ ಬಿಚ್ಚದೆ ತಟ್ಟೆ ಎತ್ತಿಕೊಂಡು ಹೋದಳು. “ಈಗ ನಿಮ್ಮ ಅಕ್ಕಾರು ಎಷ್ಟ ಶಾಂತ ಆಗ್ಯಾರ ನೋಡ್ರಿ” ಎಂದು ಹೆಂಡತಿ ಹೊಗಳಿದಳು. ಅಕ್ಕ ಎದುರಿಗೇ ಇದ್ದಳು, ಅವನು ಅಕ್ಕನಿಗಾಗಿ ಹಂಬಲಿಸುತ್ತಿದ್ದ. ದೂರ ಹೋದವರಿಗಾಗಿ ಹಂಬಲಿಸಿದರೆ ನಾಲ್ಕು ಜನ ಸಮಾಧಾನ ಹೇಳುತ್ತಾರೆ, ರಾಚಯ್ಯ. ಎದುರಿಗೆ ಕೂತು ಬಡಿಸುತ್ತಿರುವವರಿಗಾಗಿ ಹಂಬಲಿಸುವವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಇನ್ನು ಯಂತ್ರದ ಮಾತು. ಅವನ ಕಾರ್ಖಾನೆಯಲ್ಲಿ ಬಸ್ಸು ಕಟ್ಟುತ್ತಾರೆ. ಬಸ್ಸಿನ ಮುಂದಿನ ಗಾಜಿನ ಅಂಚಿಗೆ ಸುತ್ತಲೂ ಅಂಟು ಹಚ್ಚಲು ಒಂದು ರೋಬೋಟ್ ಇದೆ. ಅದಕ್ಕೆ ತಲೆ ಇಲ್ಲ, ಕಾಲಿಲ್ಲ. ಒಂದು ದೊಡ್ಡ ಕೈ ಅಷ್ಟೇ. ಭುಜ ಉಂಟು, ಮೊಣಕೈ ಉಂಟು, ಮಣಿಕಟ್ಟು ಉಂಟು. ಅಂಟು ಬರುವ ಪೈಪು, ಕರೆಂಟಿನ ಕೇಬಲ್ಲು ಎರಡೂ ಆ ತೋಳಿನ ಮೇಲೆ ಹಾದು ಮಣಿಕಟ್ಟಿಗೆ ಹೋಗುತ್ತವೆ. ಅವನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ನೋಡಿಕೊಳ್ಳುವುದು ಫಿಟ್ಟರನ ಕೆಲಸ. ಬಿಗಿಯಾಗಿ ಕಟ್ಟಿದರೆ ಕೈ ಚಾಚಿದಾಗ ಹರಿಯುತ್ತವೆ. ಬಹಳ ಸಡಿಲ ಬಿಟ್ಟರೆ ಎಲ್ಲೋ ಸಿಕ್ಕಿಕೊಂಡು ಹರಿಯುತ್ತವೆ. ಈ ಕೆಲಸದಲ್ಲಿ ಅವನು ಗಟ್ಟಿಗ.

ಗಾಜಿನ ಅಂಚು ಹಿಡಿದು ಕೈ ಒಂದು ಸುತ್ತು ಬರುವಾಗ ಮಣಿಕಟ್ಟೂ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಅಂಟು ಹಚ್ಚಿ ಮುಗಿದ ಮೇಲೆ, ಇನ್ನೊಂದು ಗಾಜು ಬರುವ ಮೊದಲು, ಅದು ಬರಿಗೈಯಲ್ಲಿ ಹಿಂದಕ್ಕೆ ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು. ಅದನ್ನು ನೋಡಿ ನೋಡಿ ನಮ್ಮ ಫಿಟ್ಟರನಿಗೆ ತಲೆ ಓಡಿತು. ಗಾಜು ಸುತ್ತಿ ಆದಾಗಲೇ ಕೈ ಹೊರಟ ಜಾಗಕ್ಕೆ ಬಂದಿದೆ, ಅದರ ಮುಖವೂ ಮೊದಲಿನ ಕಡೆಗೇ ಇದೆ, ಮತ್ತೆ ಈ ದಂಡದ ತಿರುಗಾಟ ಏಕೆ ಎಂದುಕೊಂಡ. ಪ್ರೋಗ್ರಾಮಿನವರಿಗೆ ಹೇಳಿ ಅದನ್ನು ತೆಗೆಸಿದ. ಗಾಜುಗಳು ಬೇಗ ಬೇಗ ಮುಗಿಯತೊಡಗಿದವು. ಸೂಪರ್‌ವೈಸರ್ ಅವನ ಬೆನ್ನು ತಟ್ಟಿದ. ಅವನೂ ಎದೆ ಉಬ್ಬಿಸಿಕೊಂಡು ಓಡಾಡಿದ.

ಆಮೇಲೆ ಪೈಪು ಒಡೆಯಲು ಶುರುವಾಯಿತು. ಮಣಿಕಟ್ಟಿನ ಹತ್ತಿರ, ಪೈಪನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ಬುಡದಲ್ಲಿ ಒಡೆಯುತ್ತಿತ್ತು. ಅಂಟು ಸೋರುತ್ತಿತ್ತು, ಗಾಜು ಹಾಳಾಗುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಅವನು ದಪ್ಪ ಪೈಪು ಹಾಕಿದ. ಒಡೆಯಿತು. ಇನ್ನಷ್ಟು ಉದ್ದ ಬಿಟ್ಟ. ಒಡೆಯಿತು. ಕ್ಲ್ಯಾಂಪು ಬದಲಿಸಿದ, ಪೈಪು ಕಳಿಸಿದವರಿಗೆ ಫೋನು ಮಾಡಿ ಉಗಿದ. ಅದಕ್ಕೂ ಪೈಪು ಬಗ್ಗಲಿಲ್ಲ. ಒಡೆದಾಗಲೆಲ್ಲ ಅವನು ಹೋಗಿ ಆ ಕೈಯನ್ನು ನೋಡುತ್ತಿದ್ದ. ಕೈ ಇರಬೇಕಾದ ಜಾಗದಲ್ಲೇ ಇರುತ್ತಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎಲ್ಲ ಸರಿ ಇದ್ದೂ ಏಕೆ ಒಡೆಯುತ್ತದೆ ಎಂದು ತಲೆ ಕೆಡಿಸಿಕೊಂಡ.

ಒಂದು ಸಲ ಬಂದ ಪೈಪಿನ ಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆ ಇತ್ತು. ಹಾಕುವಾಗ ಗೆರೆ ನೆಟ್ಟಗೆ ಕಾಣುವಂತೆ ಹಾಕಿದ. ಒಂದಷ್ಟು ಗಾಜು ಮುಗಿದ ಮೇಲೆ ಬಂದು ನೋಡಿದ. ಕೈ ಮೊದಲಿನ ಜಾಗದಲ್ಲೇ ನಿಂತಿತ್ತು. ಗೆರೆ ಮಾತ್ರ ಪೈಪಿಗೆ ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು. ಪೈಪು ಹೊಸೆದುಹೋಗಿತ್ತು.

ನಿನಗೆ ತಿಳಿಯದಿದ್ದರೆ ಒಂದು ಒದ್ದೆ ಪಂಚೆಯ ತುದಿಯನ್ನು ಆ ಕಂಬಕ್ಕೆ ಕಟ್ಟು. ಇನ್ನೊಂದು ತುದಿಯನ್ನು ಹಿಡಿದು ಒಂದು ಪೂರ್ತಿ ಸುತ್ತು ತಿರುಗಿಸು. ಹಿಡಿದ ತುದಿಯನ್ನಷ್ಟೇ ನೋಡಿದರೆ ಅದು ಮೊದಲಿದ್ದ ಹಾಗೇ ಕಾಣುತ್ತದೆ. ಪಂಚೆಯನ್ನು ಕೇಳು, ಅದು ಬೇರೆ ಹೇಳುತ್ತದೆ. ಮುಂದಕ್ಕೇ ಸುತ್ತಿ ಹೊರಟ ಜಾಗಕ್ಕೆ ಬರಬಹುದು. ಆದರೆ ಹೊಸೆತ ಬಿಚ್ಚಬೇಕಾದರೆ ಹೋದಷ್ಟೂ ಹಿಂದಕ್ಕೆ ತಿರುಗಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ನಾನು ಇದನ್ನು ಈ ವಯಸ್ಸಿನಲ್ಲಿ ಪಂಚೆ ಕಟ್ಟಿಯೇ ನೋಡಿದ್ದೇನೆ.

ಫಿಟ್ಟರ್ ಬರಿಗೈಯ ಸುತ್ತನ್ನು ಮತ್ತೆ ಹಾಕಿಸಿದ. ಸೂಪರ್‌ವೈಸರ್ ಬಂದು ನೋಡಿ ಸಿಡುಕಿದ.

“ಕೆಲಸ ಇಲ್ಲದ ಯಾಕ ತಿರಗತೈತಿ ಇದು?”

“ಹೋಗೂವಾಗ ಸುತ್ತಿಕೊಂಡಿದ್ದನ್ನ ಬಿಚ್ಚಿಕೊಂಡು ಬರಬೇಕಲ್ರೀ, ಸಾಹೇಬ್ರ” ಎಂದ ಫಿಟ್ಟರ್.

ಹೇಳಿ, ಪೈಪಿನ ಗೆರೆ ಮೆಲ್ಲನೆ ನೆಟ್ಟಗಾಗುವುದನ್ನು ನೋಡುತ್ತ ನಿಂತ. ಅಕ್ಕನ ನೆನಪು ಬಂತು. ನಿಂತಲ್ಲೇ ಕಣ್ಣಲ್ಲಿ ನೀರು ಬಂತು. ಸೂಪರ್‌ವೈಸರ್ ಪಾಪ ಗಾಬರಿಯಾಗಿ, ತಿರುಗಿದರೆ ತಿರುಗಲಿ ಬಿಡು ಎಂದು ಹೊರಟುಹೋದ.

ರಜೆಯ ದಿನ ಅವನು ಮಗಳನ್ನು ಕರೆದುಕೊಂಡು ಅಕ್ಕನ ಊರಿಗೆ ಹೋದ. ಅಕ್ಕ ಚಾಪೆ ಹಾಸಿದಳು. ಅವನು ಕೂರಲಿಲ್ಲ. ಅಕ್ಕ ಅಡಿಗೆಗೆ ಎಂದು ಒಳಗೆ ಹೋದಾಗ ಹಿಂದೆಯೇ ಹೋಗಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ. ಆ ದಿನ ನಡೆದದ್ದನ್ನು ಕೊನೆಯಿಂದ ಮೊದಲಿಗೆ ಹೇಳತೊಡಗಿದ.

ನೀನು ಬಸ್ಸಿಗೆ ಹೊರಟಾಗ ನಾನು ಒಳಗೇ ಕೂತಿದ್ದೆ, ಬೇಕೆಂದೇ ಬಾಗಿಲಿಗೆ ಬರಲಿಲ್ಲ ಎಂದ. ಅಕ್ಕ, ಬಿಡು ಅದನ್ನ ಎಂದಳು. ಅವನು ಬಿಡಲಿಲ್ಲ. ನೀನು ಉಂಡಿಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ನಾನು ಉಂಡೆ ಎಂದ. ಆಗಿದ್ದು ಆಗಿಹೋಯಿತು, ಕೂತುಕೋ ಎಂದಳು. ಅವನು ಕೂರಲಿಲ್ಲ. ಅಷ್ಟು ಜನರ ಮುಂದೆ ನಿನ್ನನ್ನು ಒಳಗೆ ಕಳಿಸಿದೆ ಎಂದ. ಅಕ್ಕ ಒಲೆ ಆರಿಸಿದಳು. ಮಾವ ಹೇಳಿದ್ದಕ್ಕೆ ಕಳಿಸಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು, ನಿನ್ನ ಬರಿ ಹಣೆ ನೋಡಿ ನನಗೇ ಹೆದರಿಕೆಯಾಗಿತ್ತು ಎಂದ. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಅವನು ತೊಟ್ಟಿಲಿನ ಹತ್ತಿರಕ್ಕೆ ಬಂದಿದ್ದ.

“ಆವತ್ತು ಏನ ಹೆಸರ ಹೇಳಬೇಕಂತ ಬಂದಿದ್ದಿ, ಅಕ್ಕಾ?” ಎಂದು ಕೇಳಿದ.

ಅಕ್ಕ ಗೋಡೆಯಿಂದ ಈ ಕಡೆ ತಿರುಗಿದಳು.

“ಅದು ಕೂಸಿನ ಕಿವ್ಯಾಗ ಹೇಳೂ ಮಾತು. ನಿನಗಲ್ಲ” ಎಂದಳು.

ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯನ್ನು ಕರೆದಳು. ಅಷ್ಟು ದೊಡ್ಡ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದಳು. ಅತ್ತೆ ಹೆಸರು ಹೇಳುವಾಗ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ರೂಢಿ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಫಿಟ್ಟರನೇ ಗುದ್ದಿದ. ಗುದ್ದುತ್ತಲೇ ಅತ್ತ.

ಹೆಸರು ಏನೆಂದು ಮಗಳು ಇವತ್ತಿಗೂ ಹೇಳಿಲ್ಲ. ಯಾರಿಗೂ ಹೇಳಬೇಡ ಎಂದು ಅತ್ತೆ ಹೇಳಿದ್ದಾಳಂತೆ. ಗೊತ್ತಿರುವವರು ಇಬ್ಬರೇ, ಇಬ್ಬರೂ ಅವನ ಜೀವದವರೇ, ಆದರೂ ಅವನು ಕೇಳುವಂತಿಲ್ಲ. ಇಲ್ಲಿಗೆ ಬಂದಾಗಲೆಲ್ಲ, ಏನಿರಬಹುದು ಆ ಹೆಸರು ಎಂದು ನನ್ನನ್ನು ಕೇಳುತ್ತಾನೆ. ನನಗೇನು ಗೊತ್ತು? ಅಷ್ಟು ಹಂಬಲ ಅವನ ಪಾಲಿಗೆ ಉಳಿಯಿತು. ಉಳಿಯಬೇಕಾದದ್ದೇ.

ಅಪ್ಪಾವರು ಕತೆ ನಿಲ್ಲಿಸಿದರು. ರಾಚಯ್ಯ ನೆಲ ನೋಡುತ್ತ ಕೂತಿದ್ದ. ತಲೆ ಎತ್ತಿದ.

“ಅವನ ಪುಣ್ಯ ದೊಡ್ಡದು, ಅಪ್ಪಾವರೆ. ಹೋಗಿ ಹೇಳಿಕೊಳ್ಳಲು ಅಕ್ಕ ಇನ್ನೂ ಇದ್ದಳು.”

ಅಪ್ಪಾವರು ಅವನ ಮುಖವನ್ನೇ ನೋಡಿದರು.

“ನಾನೂ ಇನ್ನೂ ಇದ್ದೇನಲ್ಲೋ, ರಾಚಯ್ಯಾ.”