ಹಿತ್ತಲಿಲ್ಲದ ಮನೆಗಳ ಪುಸ್ತಕ

"ಗುರುಗಳೇ, ಪುಟ್ಟ ಮಕ್ಕಳಿಗೆ ಚಿತ್ರದ ಪುಸ್ತಕ ತೋರಿಸಿ ಮನೆಗಳ ವಿಷಯ ಕಲಿಸುತ್ತಿದ್ದೇನೆ. ಒಬ್ಬ ಹುಡುಗಿ ಪುಟಪುಟಕ್ಕೂ ತಕರಾರು ತೆಗೆಯುತ್ತಾಳೆ. ಯಾರೋ ಹೇಳಿಕೊಟ್ಟು ಕಳಿಸುತ್ತಿದ್ದಾರೆಂದು ನನಗೆ ಗುಮಾನಿ. ನಾಳೆಯಿಂದ ಅವಳನ್ನು ಹೊರಗೆ ಕಳಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮೇಸ್ತ್ರಿಯಿದ್ದ. ತಾನು ಕಟ್ಟಿದ ಮನೆಯ ಮುಂದೆ ಎತ್ತುಗಳು ಕೂಡ ನಿಂತು ತಲೆದೂಗಿಯೇ ಮುಂದೆ ಹೋಗುತ್ತವೆ ಎಂಬುದು ಅವನ ಬಡಾಯಿ. ಹೊತ್ತಾಗುತ್ತದೆಂದು ಗಾಡಿಯವರು ಆ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರಂತೆ! ಅವನು ಮಕ್ಕಳಿಗೆಂದು ಮನೆಗಳ ಚಿತ್ರಪುಸ್ತಕ ಬರೆದ. ಹಾಳೆಯ ಎರಡೂ ಬದಿಗೆ ಒಂದೊಂದು ಮನೆ. ಮಕ್ಕಳು ಮೆಚ್ಚಿದರೆ ಮಾತ್ರ ಪುಸ್ತಕ ಶಾಲೆಯಲ್ಲಿ ಉಳಿಯುತ್ತದೆ ಎಂದರು ಉಪಾಧ್ಯಾಯರು.

ಮಕ್ಕಳೆಲ್ಲ ಹಿಗ್ಗಿದರು. ಒಬ್ಬ ಹುಡುಗಿ ಮಾತ್ರ ಮನೆ ನೋಡುವುದು, ಹಾಳೆ ತಿರುವುವುದು, ಮುಖ ಸಿಂಡರಿಸುವುದು.

"ಏನೇ ಹುಡುಕ್ತೀಯ?" ಎಂದ ಮೇಸ್ತ್ರಿ.

"ಹಿತ್ತಲು. ಈ ಮನೆ ಹಿಂದೆ ಇನ್ನೊಂದು ಮನೆ ಮುಖಾನೇ ಇದೆಯಲ್ಲ ಮೇಸ್ತ್ರಿ ಮಾವ, ಇವರೆಲ್ಲ ಪಾತ್ರೆ ಎಲ್ಲಿ ತೊಳೀತಾರೆ?"

ಮಕ್ಕಳು ಗೊಳ್ಳೆಂದು ನಕ್ಕು ತಾವೂ ಹಾಳೆ ತಿರುವತೊಡಗಿದರು. ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಗೇಣುದ್ದದ ಹುಡುಗಿಗೆ ಇದನ್ನು ಹೇಳಿಕೊಟ್ಟವರು ಯಾರು? ತನ್ನನ್ನು ಕಂಡರಾಗದ ಕೆಳಗಿನ ಬೀದಿಯ ಮೇಸ್ತ್ರಿಯದೇ ಕಿತಾಪತಿ! ಶಾಲೆ ಬಿಟ್ಟೊಡನೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಅಲ್ಲಲ್ಲಿ ಗೋಡೆ ಮರೆಯಲ್ಲಿ ನಿಲ್ಲುತ್ತ ಅವಳ ಬೆನ್ನು ಹತ್ತಿದ.

ಹುಡುಗಿ ಹಿತ್ತಲ ಓಣಿಗೆ ತಿರುಗಿದಳು. ಅರ್ಧ ಊರನ್ನೇ ಕಟ್ಟಿದ್ದರೂ ಮೇಸ್ತ್ರಿ ಆ ಓಣಿಗೆ ಎಂದೂ ಕಾಲಿಟ್ಟವನಲ್ಲ. ಅವಳು ಒಂದು ಬೇಲಿಯ ಬಳಿ ನಿಂತು, "ಅತ್ತೇ, ನೀರು" ಎಂದಳು. ಸುಡುವ ಬಿಸಿಲಲ್ಲಿ ತಲೆಗೆ ಒದ್ದೆ ಬಟ್ಟೆ ಹೊದ್ದು ಪಾತ್ರೆ ತಿಕ್ಕುತ್ತಿದ್ದ ಹೆಂಗಸು ಮುಖವೆತ್ತಿದಳು. ನೋಡಿದರೆ ಮೇಸ್ತ್ರಿಯ ಹೆಂಡತಿ!

"ಓಹೋ, ಹೇಳಿಕೊಟ್ಟವಳು ನೀನೇನಾ?"

"ನಾನೇನು ಹೇಳಿಕೊಡಲಿ? ದಿನಾ ಈ ದಾರೀಲಿ ಹೋಗ್ತಾಳೆ, ನೋಡ್ತಾಳೆ. ಅದಿರಲಿ, ಇದು ಯಾರ ಮನೆ ಅಂದ್ಕೊಂಡು ಬಂದ್ರಿ?"

ಮೇಸ್ತ್ರಿ ತಲೆಯೆತ್ತಿದ. ಗೇಣಗಲದ ನೆರಳೂ ಇಲ್ಲದ ಬೋಳು ಗೋಡೆ. ತಾನೇ ಕಟ್ಟಿದ ಸ್ವಂತ ಮನೆಯ ಗುರುತು ಅವನಿಗೆ ಸಿಕ್ಕಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಆ ಹುಡುಗಿಯನ್ನು..." ಎಂದು ಶಿಷ್ಯ ಬಾಯಿ ತೆರೆದ.

"ಹೊರಗೆ ಕಳಿಸು, ಧಾರಾಳವಾಗಿ ಕಳಿಸು; ಪುಸ್ತಕ ಹಿಡಿದುಕೊಂಡು ನೀನೂ ಅವಳ ಹಿಂದೆ ಹೋಗು."