ಒಂದು ಹನಿಗಾಗಿ ಓಣಿ ಸುತ್ತಿದ ಡ್ರಿಲ್ ಮೇಷ್ಟ್ರು

ಕೇಳಿ ಮಕ್ಕಳೇ, ಹೂಂಗುಡುತ್ತಾ ಕೇಳಿ. ನೀವು ಹೂಂ ಅನ್ನದಿದ್ದರೆ ಕತೆ ಅಲ್ಲೇ ಕೂತುಬಿಡುತ್ತದೆ. ಆಮೇಲೆ ಎಬ್ಬಿಸಿದರೂ ಏಳುವುದಿಲ್ಲ.

ಒಂದು ಓಣಿ. ಮಂಡಕ್ಕಿ ಭಟ್ಟಿ ಓಣಿ. ಆ ಓಣಿಯಲ್ಲಿ ಒಂದು ಮನೆ. ಆ ಮನೆಗೆ ಒಂದು ಕಿಟಕಿ. ಆ ಕಿಟಕಿಗೆ ಒಂದು ಕಟ್ಟೆ. ಆ ಕಟ್ಟೆಯ ಮೇಲೆ ಒಂದು ಬೆಕ್ಕು. ಬೆಕ್ಕಿನ ಹೆಸರು ಜಿಲೇಬಿ.

ಜಿಲೇಬಿಯದು ಕಿತ್ತಳೆ ಬಣ್ಣ. ಬಾಲ ಸುರುಳಿ ಸುರುಳಿ. ದಿನಾ ಸಂಜೆ ನೆಲದಿಂದ ಒಂದೇ ಜಿಗಿತ. ಚಂಗ್! ಕಿಟಕಿ ಕಟ್ಟೆಯ ಮೇಲೆ.

ಆ ಮನೆಯವರು ಹಾಲೇಶಪ್ಪ ಮೇಷ್ಟ್ರು. ಡ್ರಿಲ್ ಮೇಷ್ಟ್ರು. ದೊಡ್ಡ ಮೀಸೆ. ಬಿಳಿ ಬೂಟು. ಬಿಳಿ ಸಾಕ್ಸು. ಕೊರಳಲ್ಲಿ ಸೀಟಿ. ಅವರು "ಅಲುಗಾಡಬೇಡ!" ಅಂದರೆ ಸಾಕು, ಮುನ್ನೂರು ಮಕ್ಕಳು ಕಂಬದ ಹಾಗೆ ನಿಲ್ಲುತ್ತಿದ್ದರು. ಆದರೆ ಮೇಷ್ಟ್ರು ಮಾತ್ರ ಒಂದು ಗಳಿಗೆ ನಿಂತವರಲ್ಲ. ಒಂದು ಗಳಿಗೆ ಕೂತವರಲ್ಲ.

ಆ ಮನೆಯಲ್ಲಿ ಕೂರುತ್ತಿದ್ದವರು ಅವರ ಹೆಂಡತಿ ಸಾವಂತ್ರಮ್ಮ. ಕಿಟಕಿಯ ಪಕ್ಕ ಮಣೆ. ಮಣೆಯ ಮೇಲೆ ಸಾವಂತ್ರಮ್ಮ. ಸಾವಂತ್ರಮ್ಮನ ಮಡಿಲಲ್ಲಿ ಜಿಲೇಬಿ. ಹೋದ ವರ್ಷ ಸಾವಂತ್ರಮ್ಮ ತೀರಿಕೊಂಡರು. ಮಣೆ ಉಳಿಯಿತು. ಜಿಲೇಬಿ ಉಳಿಯಿತು. ಮೇಷ್ಟ್ರು ಉಳಿದರು.

ಒಂದು ಸಂಜೆ ಜಿಲೇಬಿ ಕಿಟಕಿ ನೋಡಿತು. ಹಿಂಗಾಲು ಮಡಚಿತು. ಜಿಗಿಯಿತು. ಧೊಪ್! ನೆಲಕ್ಕೇ ಬಿತ್ತು. ಇನ್ನೊಮ್ಮೆ ಜಿಗಿಯಿತು. ಧೊಪ್!

ಜಿಲೇಬಿಯ ಜಿಗಿತ ಕಳೆದುಹೋಗಿತ್ತು.

ಮೇಷ್ಟ್ರು ಮಂಚದ ಕೆಳಗೆ ಹುಡುಕಿದರು. ಬಾಗಿಲ ಹಿಂದೆ ಹುಡುಕಿದರು. ಜಿಗಿತ ಮಂಚದ ಕೆಳಗೆ ಇರುತ್ತದೆಯೇ? ಇರುವುದಿಲ್ಲ. ಅದು ಮೇಷ್ಟ್ರಿಗೆ ಆಮೇಲೆ ಹೊಳೆಯಿತು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆ ತಸ್ನೀಮ್ ಡಾಕ್ಟರ ಹತ್ತಿರ ಓಡಿದರು.

ಡಾಕ್ಟರು ನೋಡಿದರು. "ಮೇಷ್ಟ್ರೇ, ಇದಕ್ಕೆ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ. ಅದಕ್ಕೇ ಹಿಂಗಾಲಿಗೆ ಬಲ ಇಲ್ಲ. ಬಿಟ್ಟರೆ ನಡೆಯೋದೂ ನಿಂತುಹೋಗುತ್ತೆ."

"ಔಷಧ ಕೊಡಿ ಡಾಕ್ಟರೇ!"

"ಕೊಡ್ತೀನಿ. ಎಷ್ಟು ಕೊಡಬೇಕು ಅಂತ ತಿಳಿಯೋಕೆ ಸಕ್ಕರೆಯ ಅಂಕಿ ಬೇಕು. ಇಲ್ಲಿ ನೋಡಿದರೆ ಜಿಲೇಬಿ ಹೆದರುತ್ತೆ. ಹೆದರಿದರೆ ಸಕ್ಕರೆ ಏರುತ್ತೆ, ಅಂಕಿ ಸುಳ್ಳಾಗುತ್ತೆ. ಮನೆಯಲ್ಲೇ ನೋಡಿ. ಇದು ಮಿಷಿನ್ನು. ಇದು ಪಟ್ಟಿ. ಇದು ಸೂಜಿ. ಕಿವಿಯ ಅಂಚಿನಿಂದ ಒಂದೇ ಒಂದು ಹನಿ ರಕ್ತ. ಸಾಸಿವೆ ಕಾಳಿನಷ್ಟು. ಮೊದಲು ನೀವು ಸ್ವಲ್ಪ..."

ಡಾಕ್ಟರ ಮಾತು ಮುಗಿದಿರಲಿಲ್ಲ. ಮೇಷ್ಟ್ರು ಹೊರಟಾಗಿತ್ತು. ಮೀಸೆ ಮುಂದೆ, ಮೇಷ್ಟ್ರು ಹಿಂದೆ. ಟಕ್ ಟಕ್ ಟಕ್ ಟಕ್.

ಮನೆಗೆ ಬಂದರು. ಸೀಟಿ ಊದಿದರು. "ಜಿಲೇಬೀ! ಸಾವಧಾನ್! ಅಲುಗಾಡಬೇಡ!"

ಜಿಲೇಬಿ ಮಂಚದ ಕೆಳಗೆ ಹೋಯಿತು.

ಎಳೆದು ತಂದರು. ಸೂಜಿ ಎತ್ತಿದರು. ಒಂದು ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ. ಇಷ್ಟು ದೊಡ್ಡ ಮೀಸೆಯ ಮೇಷ್ಟ್ರಿಗೆ ಸೂಜಿ ಅಂದರೆ ಭಯ. ಕೈ ಗಡಗಡ. ಕಣ್ಣು ಗಟ್ಟಿಯಾಗಿ ಮುಚ್ಚಿದರು. ಚುಚ್ಚಿದರು. "ಅಯ್ಯಯ್ಯೋ!" ಅನ್ನುವ ಕೂಗು ಮೂರು ಮನೆಗೆ ಕೇಳಿಸಿತು.

ಕೂಗಿದ್ದು ಬೆಕ್ಕಲ್ಲ. ಮೇಷ್ಟ್ರು. ಚುಚ್ಚಿದ್ದು ತಮ್ಮದೇ ಹೆಬ್ಬೆರಳಿಗೆ.

ಆದರೇನು, ಹನಿ ಬಂತಲ್ಲ! ಮಿಷಿನ್ನು ಅಂಕಿ ತೋರಿಸಿತು. ಮೇಷ್ಟ್ರು ಫೋನು ಮಾಡಿದರು. "ಡಾಕ್ಟರೇ, ತೊಂಬತ್ತೆಂಟು!"

"ಅರೆ, ತುಂಬಾ ಚೆನ್ನಾಗಿದೆ! ಜಿಲೇಬೀದಾ?"

ಮೇಷ್ಟ್ರು ಕೆಮ್ಮಿದರು. "...ನಂದು."

ಆಗ ಮೇಷ್ಟ್ರು ಕಿವಿಯನ್ನೇ ಕೇಳಿದರು. "ಕಿವಿಯೇ, ಕಿವಿಯೇ, ಒಂದು ಹನಿ ಕೊಡು."

ಕಿವಿ ಅಂದಿತು, "ಮುಟ್ಟಿ ನೋಡಿ, ತಣ್ಣಗಿದ್ದೀನಿ. ತಣ್ಣನೆ ಕಿವಿಯಲ್ಲಿ ಹನಿ ಬರುತ್ತಾ? ಬಿಸಿ ತನ್ನಿ."

ಬಿಸಿ ಇಲ್ಲದೆ ಹನಿ ಇಲ್ಲ.
ಹನಿ ಇಲ್ಲದೆ ಅಂಕಿ ಇಲ್ಲ.
ಅಂಕಿ ಇಲ್ಲದೆ ಔಷಧ ಇಲ್ಲ.
ಔಷಧ ಇಲ್ಲದೆ ಜಿಲೇಬಿಗೆ ಜಿಗಿತ ಇಲ್ಲ.

ಮೀಸೆ ಮುಂದೆ, ಮೇಷ್ಟ್ರು ಹಿಂದೆ. ಟಕ್ ಟಕ್ ಟಕ್ ಟಕ್. ಮಂಡಕ್ಕಿ ಭಟ್ಟಿಗೆ ಹೋದರು. ಅಲ್ಲಿ ರಜಿಯಾಬಿ ಬಿಸಿ ಮರಳಲ್ಲಿ ಅಕ್ಕಿ ಹುರಿಯುತ್ತಿದ್ದಳು. ಚಟಪಟ ಚಟಪಟ.

"ರಜಿಯಾಬಿ, ರಜಿಯಾಬಿ, ಒಂದು ಹಿಡಿ ಬೆಚ್ಚನೆ ಮರಳು ಕೊಡು."

"ಯಾರಿಗೆ ಸಾರ್?"

"ಬೆಕ್ಕಿನ ಕಿವಿಗೆ. ಜಿಲೇಬಿಗೆ ಸಕ್ಕರೆ ಕಾಯಿಲೆ."

"ಯಾ ಅಲ್ಲಾ! ಹೆಸರೇ ಜಿಲೇಬಿ, ಸಕ್ಕರೆ ಇರದೆ ಇನ್ನೇನಿರುತ್ತೆ!" ಅಂತ ರಜಿಯಾಬಿ ನಕ್ಕಳು. "ಮರಳು ಕೊಡ್ತೀನಿ. ಬರಿಗೈಲಿ ಒಯ್ತೀರಾ? ಒಂದು ಸಣ್ಣ ಚೀಲ ತನ್ನಿ. ಚೀಲ ಇಲ್ಲಾಂದ್ರೆ ನಿಮ್ಮ..."

ರಜಿಯಾಬಿಯ ಮಾತು ಮುಗಿದಿರಲಿಲ್ಲ. ಮೇಷ್ಟ್ರು ಹೊರಟಾಗಿತ್ತು.

ಚೀಲ ಇಲ್ಲದೆ ಬಿಸಿ ಇಲ್ಲ.
ಬಿಸಿ ಇಲ್ಲದೆ ಹನಿ ಇಲ್ಲ.
ಹನಿ ಇಲ್ಲದೆ ಅಂಕಿ ಇಲ್ಲ.
ಅಂಕಿ ಇಲ್ಲದೆ ಔಷಧ ಇಲ್ಲ.
ಔಷಧ ಇಲ್ಲದೆ ಜಿಲೇಬಿಗೆ ಜಿಗಿತ ಇಲ್ಲ.

ಮೀಸೆ ಮುಂದೆ, ಮೇಷ್ಟ್ರು ಹಿಂದೆ. ಟಕ್ ಟಕ್ ಟಕ್ ಟಕ್. ಟೈಲರ್ ತಿಪ್ಪಣ್ಣನ ಅಂಗಡಿಗೆ ಹೋದರು.

"ತಿಪ್ಪಣ್ಣ, ತಿಪ್ಪಣ್ಣ, ಒಂದು ಸಣ್ಣ ಚೀಲ ಹೊಲಿದುಕೊಡು."

"ಹೊಲೀತೀನಿ ಮೇಷ್ಟ್ರೇ. ಆದ್ರೆ ನನ್ನ ಮಿಷಿನ್ನು ನೋಡಿ, ಕಿರ್ರೋ ಅಂತ ಅಳ್ತಿದೆ. ಎರಡು ತೊಟ್ಟು ಎಣ್ಣೆ ತನ್ನಿ. ಅಷ್ಟಕ್ಕೂ ನಿಮ್ಮ ಹತ್ರಾನೇ..."

ತಿಪ್ಪಣ್ಣನ ಮಾತು ಮುಗಿದಿರಲಿಲ್ಲ. ಮೇಷ್ಟ್ರು ಹೊರಟಾಗಿತ್ತು.

ಎಣ್ಣೆ ಇಲ್ಲದೆ ಚೀಲ ಇಲ್ಲ.
ಚೀಲ ಇಲ್ಲದೆ ಬಿಸಿ ಇಲ್ಲ.
ಬಿಸಿ ಇಲ್ಲದೆ ಹನಿ ಇಲ್ಲ.
ಹನಿ ಇಲ್ಲದೆ ಅಂಕಿ ಇಲ್ಲ.
ಅಂಕಿ ಇಲ್ಲದೆ ಔಷಧ ಇಲ್ಲ.
ಔಷಧ ಇಲ್ಲದೆ ಜಿಲೇಬಿಗೆ ಜಿಗಿತ ಇಲ್ಲ.

ಮೀಸೆ ಮುಂದೆ, ಮೇಷ್ಟ್ರು ಹಿಂದೆ. ಟಕ್ ಟಕ್ ಟಕ್ ಟಕ್. ಸೈಕಲ್ ಶಾಪಿನ ಓಂಕಾರಿಯ ಹತ್ತಿರ ಹೋದರು. ಓಂಕಾರಿ ಅವರ ಹಳೇ ವಿದ್ಯಾರ್ಥಿ. ಈಗ ಅವನಿಗೂ ಮೀಸೆ.

"ಓಂಕಾರಿ, ಓಂಕಾರಿ, ಎರಡು ತೊಟ್ಟು ಎಣ್ಣೆ ಕೊಡೋ."

"ಎರಡಲ್ಲ ಸಾರ್, ಇಪ್ಪತ್ತು ಕೊಡ್ತೀನಿ. ಆದ್ರೆ ಇನ್ನೂ ದೇವರ ಪಟಕ್ಕೆ ಹೂ ಏರಿಸಿಲ್ಲ. ಹೂ ಏರಿಸದೆ ಅಂಗಡಿಯಿಂದ ಏನನ್ನೂ ಹೊರಗೆ ಕೊಡಲ್ಲ. ನಮ್ಮಪ್ಪನ ಕಾಲದಿಂದ ಹಾಗೇ. ಒಂದು ಮೊಳ ಹೂ ತನ್ನಿ. ಸಾರ್, ಓಡಬೇಡಿ ಸಾರ್..."

ಓಂಕಾರಿಯ ಮಾತು ಮುಗಿದಿರಲಿಲ್ಲ. ಮೇಷ್ಟ್ರು ಹೊರಟಾಗಿತ್ತು.

ಹೂ ಇಲ್ಲದೆ ಎಣ್ಣೆ ಇಲ್ಲ.
ಎಣ್ಣೆ ಇಲ್ಲದೆ ಚೀಲ ಇಲ್ಲ.
ಚೀಲ ಇಲ್ಲದೆ ಬಿಸಿ ಇಲ್ಲ.
ಬಿಸಿ ಇಲ್ಲದೆ ಹನಿ ಇಲ್ಲ.
ಹನಿ ಇಲ್ಲದೆ ಅಂಕಿ ಇಲ್ಲ.
ಅಂಕಿ ಇಲ್ಲದೆ ಔಷಧ ಇಲ್ಲ.
ಔಷಧ ಇಲ್ಲದೆ ಜಿಲೇಬಿಗೆ ಜಿಗಿತ ಇಲ್ಲ.

ಮೀಸೆ ಮುಂದೆ, ಮೇಷ್ಟ್ರು ಹಿಂದೆ. ಟಕ್... ಟಕ್... ಟಕ್... ಮೇಷ್ಟ್ರಿಗೆ ಸುಸ್ತಾಗಿತ್ತು. ಹೂವಿನ ಕೆಂಚಮ್ಮಜ್ಜಿಯ ಹತ್ತಿರ ಹೋದರು. ಅಜ್ಜಿ ಗೋಣಿತಾಟಿನ ಮೇಲೆ ಕೂತಿದ್ದಳು. ಮುಂದೆ ಬಿಡಿ ಹೂವಿನ ರಾಶಿ.

"ಕೆಂಚಮ್ಮಜ್ಜಿ, ಕೆಂಚಮ್ಮಜ್ಜಿ, ಒಂದು ಮೊಳ ಹೂ ಕೊಡು."

"ಕಟ್ಟಿಲ್ಲಪ್ಪ," ಅಂದಳು ಅಜ್ಜಿ. "ದಾರದ ತುದಿ ಕಾಲ್ಬೆರಳಿಗೆ ಸುತ್ತಿ ಕಟ್ಟೋಳು ನಾನು. ಇವತ್ತು ಬೆರಳಿಗೆ ಕಲ್ಲು ತಾಗಿ ಬಾತಿದೆ. ನೀನು ಹಿಡ್ಕೊಂಡು ಕೂತ್ಕೊ."

ಮೇಷ್ಟ್ರು ಹೊರಡಲು ತಿರುಗಿದರು. ಎಲ್ಲಿಗೆ ಹೊರಡುವುದು? ಅಜ್ಜಿ ಏನನ್ನೂ ತಾ ಅನ್ನಲಿಲ್ಲ. ಕೂತ್ಕೊ ಅಂದಳು.

ಕೂತರು. ದಾರ ಹಿಡಿದರು. ಅಜ್ಜಿ ನಾಲ್ಕು ಹೂ ಕಟ್ಟಿದಳು. ಮೇಷ್ಟ್ರ ಮೊಣಕಾಲು ಕುಣಿಯಿತು. ಹೂ ಉದುರಿತು.

"ಅಲುಗಾಡಬೇಡ!" ಅಂದಳು ಅಜ್ಜಿ.

ಮತ್ತೆ ನಾಲ್ಕು ಹೂ. ಮೇಷ್ಟ್ರು ಓಣಿಯ ಆ ತುದಿ ನೋಡಿದರು. ಹೂ ಉದುರಿತು.

"ಅಲುಗಾಡಬೇಡ ಅಂದ್ನಲ್ಲ! ಇಷ್ಟು ವರ್ಷ ಮಕ್ಕಳಿಗೆ ಏನು ಕಲಿಸಿದ್ಯೋ ಕಾಣೆ. ನಿನ್ನ ಸಾವಂತ್ರಮ್ಮ ಇಲ್ಲೇ ಬಂದು ಕೂರೋಳು. ಆ ಕಿತ್ತಳೆ ಬೆಕ್ಕು ಮಡಿಲಲ್ಲೇ ಇರ್ತಿತ್ತು. ಹೂ ಕಟ್ಟಿ ಮುಗಿಯೋ ತನಕ ಏಳ್ತಿರಲಿಲ್ಲ."

"ಬೆಕ್ಕು ಏಳದ ಹಾಗೆ ಅವಳು ಏನು ಮಾಡ್ತಿದ್ದಳು?" ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು.

"ಏನೂ ಮಾಡ್ತಿರಲಿಲ್ಲ. ಸುಮ್ಮನೆ ಕೂತಿರೋಳು."

ಮೇಷ್ಟ್ರು ಸುಮ್ಮನೆ ಕೂತರು. ನಾಲ್ಕು ಹೂ. ಎಂಟು ಹೂ. ಹದಿನಾರು ಹೂ. ಮೂಗಿನ ಮೇಲೆ ನೊಣ ಕೂತಿತು. ಮೇಷ್ಟ್ರು ಅಲುಗಾಡಲಿಲ್ಲ. ಮೊಣಕಾಲು ನಿಂತಿತು. ಕೈಯ ನಡುಕ ನಿಂತಿತು. ಒಂದು ಮೊಳ ಹೂ ಆಯಿತು.

ಈಗ ನೋಡಿ ಮಕ್ಕಳೇ, ಕತೆ ಹಿಂದಕ್ಕೆ ತಿರುಗಿತು.

ಅಜ್ಜಿ ಹೂ ಕೊಟ್ಟಳು. ಹೂ ಓಂಕಾರಿಗೆ ಹೋಯಿತು.
ಓಂಕಾರಿ ಎಣ್ಣೆ ಕೊಟ್ಟ. ಎಣ್ಣೆ ತಿಪ್ಪಣ್ಣನಿಗೆ ಹೋಯಿತು.
ತಿಪ್ಪಣ್ಣ ಚೀಲ ಕೊಟ್ಟ. ಚೀಲ ರಜಿಯಾಬಿಗೆ ಹೋಯಿತು.

ರಜಿಯಾಬಿ ಚೀಲ ನೋಡಿದಳು. ಮೇಷ್ಟ್ರ ಕಾಲು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾರ್! ಚೀಲ ಇಲ್ಲಾಂದ್ರೆ ನಿಮ್ಮ ಒಂದು ಸಾಕ್ಸು ಬಿಚ್ಚಿಕೊಡಿ ಅಂತ ಹೇಳೋಕೆ ಹೊರಟಿದ್ದೆ. ಮಾತು ಮುಗಿಸೋಕೇ ಬಿಡಲಿಲ್ಲ!"

ಮೇಷ್ಟ್ರು ತಮ್ಮ ಕಾಲು ನೋಡಿಕೊಂಡರು. ಬಿಳಿ ಸಾಕ್ಸು. ಒಂದಲ್ಲ, ಎರಡು. ಇಡೀ ಓಣಿ ಅವರ ಜೊತೆಗೇ ಸುತ್ತಿ ಬಂದಿದ್ದವು.

"ಇನ್ನೂ ಏನಾದರೂ ಹೇಳೋದಿದೆಯಾ?" ಅಂತ ಕೇಳಿದರು. ಈ ಸಲ ನಿಂತು ಕೇಳಿದರು.

"ಇದೆ. ಮೊದಲು ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ. ಸುಟ್ಟರೆ ಆರಲು ಬಿಡಿ. ಬೆಚ್ಚಗಿದ್ದರೆ ಕಿವಿಗೆ ಇಡಿ. ಮತ್ತೆ ಇದು ತಗೊಳ್ಳಿ, ಬೇಯಿಸಿದ ಕೋಳಿ ಚೂರು. ಜಿಲೇಬಿಗೆ. ನಿಮಗಲ್ಲ."

ಮೇಷ್ಟ್ರು ಮನೆಗೆ ಬಂದರು. ಸೀಟಿ ಬಿಚ್ಚಿ ಮೊಳೆಗೆ ಹಾಕಿದರು. ಡಾಕ್ಟರಿಗೆ ಫೋನು ಮಾಡಿದರು. "ಡಾಕ್ಟರೇ, ಆಗಲೇ 'ಮೊದಲು ನೀವು ಸ್ವಲ್ಪ' ಅಂದಿರಿ. ಸ್ವಲ್ಪ ಏನು?"

"ಸ್ವಲ್ಪ ಕೂತ್ಕೊಳ್ಳಿ ಅಂದೆ ಮೇಷ್ಟ್ರೇ. ಬೆಕ್ಕು ತಾನಾಗಿ ಬರೋ ತನಕ."

ಮೇಷ್ಟ್ರು ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತರು. ವರ್ಷದಿಂದ ಆ ಮಣೆಯ ಮೇಲೆ ಯಾರೂ ಕೂತಿರಲಿಲ್ಲ. ಸುಮ್ಮನೆ ಕೂತರು. ಮಂಚದ ಕೆಳಗಿನಿಂದ ಒಂದು ಮೂತಿ ಬಂತು. ಎರಡು ಕಿವಿ ಬಂತು. ಸುರುಳಿ ಬಾಲ ಬಂತು. ಜಿಲೇಬಿ ಕುಂಟುತ್ತಾ ಬಂದು ಮಡಿಲು ಹತ್ತಿತು.

ಬೆಚ್ಚನೆ ಚೀಲ ಕಿವಿಗೆ ತಾಗಿತು. ಕಿವಿ ಬೆಚ್ಚಗಾಯಿತು. ಮೇಷ್ಟ್ರು ಸೂಜಿ ಹಿಡಿದರು. ಕಣ್ಣು ಮುಚ್ಚಲಿಲ್ಲ. ಅಂಚಿಗೆ ಟಿಕ್.

"ಇಷ್ಟೇನಾ?" ಅಂದಿತು ಕಿವಿ.

"ಇಷ್ಟೇನಾ!" ಅಂದರು ಮೇಷ್ಟ್ರು.

ಸಾಸಿವೆ ಕಾಳಿನಷ್ಟು ಹನಿ. ಕೆಂಪು ಹನಿ. ಪಟ್ಟಿ ಅದನ್ನು ಸುರ್ ಅಂತ ಕುಡಿಯಿತು. ಮಿಷಿನ್ನು ಅಂಕಿ ತೋರಿಸಿತು. ನಾನೂರ ಹನ್ನೆರಡು. ಮೇಷ್ಟ್ರು ಕಿವಿಯನ್ನು ಹತ್ತಿಯಿಂದ ಒತ್ತಿ ಹಿಡಿದರು. ಜಿಲೇಬಿ ಕೋಳಿ ಚೂರು ತಿಂದಿತು. ಫೋನಿನಲ್ಲಿ ಅಂಕಿ ಕೇಳಿ ಡಾಕ್ಟರು ಔಷಧ ಹೇಳಿದರು.

ಮರುದಿನ ಮತ್ತೆ ಕೂತರು. ಅದರ ಮರುದಿನ ಮತ್ತೆ ಕೂತರು. ನಾನೂರು ಮುನ್ನೂರಾಯಿತು. ಮುನ್ನೂರು ಇನ್ನೂರಾಯಿತು. ಒಂದು ದಿನ ಮತ್ತೆ ಮುನ್ನೂರಾಯಿತು. ಮೇಷ್ಟ್ರು ಅದನ್ನೂ ಬರೆದಿಟ್ಟರು. ಒಂದು ತಿಂಗಳಾಯಿತು. ಎರಡು ತಿಂಗಳಾಯಿತು. ಮೂರನೆಯ ತಿಂಗಳಲ್ಲಿ ಒಂದು ಸಂಜೆ, ಮೇಷ್ಟ್ರು ಮಣೆಯ ಮೇಲೆ ಕೂತಿದ್ದರು. ಜಿಲೇಬಿ ಕಿಟಕಿ ನೋಡಿತು. ಹಿಂಗಾಲು ಮಡಚಿತು.

ಚಂಗ್!

ಹೂವಿನಿಂದ ಎಣ್ಣೆ ಬಂತು.
ಎಣ್ಣೆಯಿಂದ ಚೀಲ ಬಂತು.
ಚೀಲದಿಂದ ಬಿಸಿ ಬಂತು.
ಬಿಸಿಯಿಂದ ಹನಿ ಬಂತು.
ಹನಿಯಿಂದ ಅಂಕಿ ಬಂತು.
ಅಂಕಿಯಿಂದ ಔಷಧ ಬಂತು.
ಔಷಧದಿಂದ ಜಿಲೇಬಿಗೆ ಜಿಗಿತ ಬಂತು.

ಕಿಟಕಿ ಕಟ್ಟೆಯ ಮೇಲೆ ಕೂತು ಜಿಲೇಬಿ ಓಣಿ ನೋಡಿತು. ಆಮೇಲೆ ಮೇಷ್ಟ್ರ ಮಡಿಲಿಗೆ ಇಳಿಯಿತು. ಸುರುಳಿ ಸುತ್ತಿ ಮಲಗಿತು.

ಮೇಷ್ಟ್ರಿಗೆ ಎದ್ದು ಇಡೀ ಓಣಿಗೆ ಕೂಗಿ ಹೇಳಬೇಕು ಅನ್ನಿಸಿತು. ಕಾಲು ಬೇರೆ ಜೋಮು ಹಿಡಿದಿತ್ತು. ಜುಂ ಜುಂ ಜುಂ.

ಆದರೂ ಅಲುಗಾಡಲಿಲ್ಲ.

ಅವರು ಇನ್ನೂ ಕೂತೇ ಇದ್ದಾರೆ. ನೀವು ಹೂಂ ಅನ್ನುವುದನ್ನು ನಿಲ್ಲಿಸಿ, ಮೆಲ್ಲಗೆ ಎದ್ದು ಹೋಗಿ. ಬೆಕ್ಕು ಮಲಗಿದೆ.