ಕಾಲುವೆ ಬಾಗಿಲ ಹಮ್ಮು ಗೌಡ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಇದೇ ಕಾಲುವೆಯ ಕೊನೆಯಲ್ಲಿ ಹಮ್ಮು ಗೌಡ ಅಂತ ಒಬ್ಬ ಇದ್ದನಂತೆ. ಕಾಲುವೆ ಆಗಲೂ ಹೀಗೇ, ಗುಡ್ಡದ ಬುಡದಿಂದ ಹೊರಟು ಆರು ಕೇರಿಯ ಗದ್ದೆಗೆ ನೀರು ಕೊಟ್ಟು ಕಡಲು ಸೇರುತ್ತಿತ್ತಂತೆ. ಸೇರುವಲ್ಲಿ ಒಂದು ಮರದ ಬಾಗಿಲು. ಉಬ್ಬರ ಬಂದಾಗ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು. ಅದೇ ಅವನ ಕೆಲಸ. ಅವನು ಅಂಗೈ ಒತ್ತಿದರೆ ಅಲೆ ಹಿಂದೆ ಸರಿಯುತ್ತಿತ್ತಂತೆ. ಅದನ್ನು ನಾನು ನಂಬೋದಿಲ್ಲ. ಹಲಗೆ ಇಳಿಸಿದ್ದು ಮಾತ್ರ ನಿಜ ಇರಬೇಕು.

ಒಂದು ವರ್ಷ ಕೆಳಗಿನ ಕೇರಿಗಳ ಭತ್ತದ ಸಸಿ ಸುಟ್ಟು ಕೆಂಪಾಯಿತಂತೆ. ಉಪ್ಪುನೀರು ಹೊಕ್ಕಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಹೊಗಿಸಿದವರು ಯಾರು? ಹಮ್ಮು ಗೌಡನ ಹೆಂಡತಿ ಬೊಮ್ಮಿ ದಿನಾ ಸಿಗಡಿ ಸಾರು ಮಾಡ್ತಾಳೆ ಅಂತ ಯಾರೋ ಹೇಳಿದರಂತೆ. ಅಷ್ಟು ಸಾಕಾಯಿತು. ಉಪ್ಪುನೀರಿನ ಜೊತೆ ಸಿಗಡಿ ಬರುತ್ತದೆ, ಆ ಆಸೆಗೆ ಉಬ್ಬರದ ಹೊತ್ತಲ್ಲೇ ಬಾಗಿಲು ಎತ್ತಿದ್ದಾನೆ ಅಂದರು. ಕಡಲ ಬದಿಗೆ ಕೂತವನು ಸಿಗಡಿ ತಿನ್ನದೆ ಮತ್ತೇನು ತಿನ್ನಬೇಕಿತ್ತೋ, ಮಳ್ಳುಗಳು!

ಎಲ್ಲರಿಗಿಂತ ಜೋರಾಗಿ ಕೂಗಿದವನು ನಾಲ್ಕನೇ ಕೇರಿಯ ಜಟ್ಟಿ ನಾಯ್ಕ. ನಾಲ್ಕನೇ ಕೇರಿ ಯಾವುದು ಅಂತ ಕೇಳಬೇಡಿ, ನೀವೀಗ ನಡೆದು ಬಂದು ಕೂತು ಸುಧಾರಿಸಿಕೊಳ್ತಾ ಇರೋ ಈ ಕೇರಿಯೇ. ಅವನು ನಮ್ಮ ಮನೆತನದವನೇ. ಮುಚ್ಚಿಡೋದೇನು.

ಹಿರಿಯರು ಕೂತು ತೀರ್ಮಾನ ಮಾಡಿದರಂತೆ. ಒಂದು ದಿನ ಎಲ್ಲರೂ ಕೂಡಿ ಗುಡ್ಡದಿಂದ ಕಡಲತನಕ ಕಾಲುವೆಗುಂಟ ನಡೆಯೋದು. ಪ್ರತಿ ಕೇರಿಯಲ್ಲೂ, ಕೊನೆಗೆ ಬಾಗಿಲಲ್ಲೂ ಒಂದು ಬೊಗಸೆ ನೀರು ಕುಡಿದು ರುಚಿ ಹೇಳೋದು. ಎಲ್ಲಿ ಉಪ್ಪೋ ಅಲ್ಲಿಯ ನೀರಿಗೆ ಹೊಣೆಯಾದವನು ಸಂಸಾರ ಕಟ್ಟಿಕೊಂಡು ಹೊತ್ತು ಮುಳುಗೋದರೊಳಗೆ ಊರು ಬಿಡೋದು. ಆದರೆ ಕುಡಿಯೋದು ಯಾರು? ಬೇರೆಯವನು ಕುಡಿದರೆ ಬೇಕಂತಲೇ ಉಪ್ಪು ಅಂದು ನಮ್ಮನ್ನು ಸಿಕ್ಕಿಸುತ್ತಾನೆ ಅಂತ ಪ್ರತಿ ಕೇರಿಗೂ ಅನುಮಾನ. ಹಾಗಾಗಿ ಅವರವರ ನೀರು ಅವರವರೇ ಕುಡಿದು ಹೇಳಲಿ ಅಂತಾಯಿತು.

ಬೆಳಿಗ್ಗೆ ಹೊರಟರಂತೆ. ಅಂಥ ನಡಿಗೆ ಶತ್ರುವಿಗೂ ಬೇಡ. ಒಬ್ಬರ ಅವಲಕ್ಕಿ ಗಂಟಿಗೆ ಇನ್ನೊಬ್ಬರು ಕೈ ಹಾಕಲಿಲ್ಲವಂತೆ. ಒಬ್ಬ ಪೊದೆಯ ಮರೆಗೆ ಹೋದರೆ ಇಬ್ಬರು ಹಿಂದೆ ಹೋಗುತ್ತಿದ್ದರಂತೆ, ಎಲ್ಲಿ ಏನು ಮಾಡಿಬಿಡ್ತಾನೋ ಅಂತ. ಹಮ್ಮು ಗೌಡನನ್ನು ಮುಂದೆ ಬಿಟ್ಟರೆ ಮಂತ್ರ ಹಾಕ್ತಾನೆ, ಹಿಂದೆ ಬಿಟ್ಟರೆ ತಪ್ಪಿಸಿಕೊಳ್ತಾನೆ ಅಂತ ನಡುವೆ ಹಾಕಿಕೊಂಡರಂತೆ.

ಮೊದಲ ಮೂರು ಕೇರಿಯಲ್ಲಿ ಸಿಹಿ ಅಂದರು. ಅದು ನಿಜವೇ. ನಾಲ್ಕನೇ ಕೇರಿಯಲ್ಲಿ ಜಟ್ಟಿ ನಾಯ್ಕ ಬೊಗಸೆ ಎತ್ತಿ ಕುಡಿದು ಸಿಹಿ ಅಂದನಂತೆ. ಅವನ ಗಂಟಲು ಮಾತ್ರ ನುಂಗಲು ಒಪ್ಪಲಿಲ್ಲವಂತೆ. ಐದನೆಯವನು ಕೆಮ್ಮುತ್ತಾ ಸಿಹಿ ಅಂದ. ಆರನೆಯವನು ಕಣ್ಣಲ್ಲಿ ನೀರು ಬಂದರೂ ಸಿಹಿ ಅಂದ. ಒಬ್ಬರೂ ಒಬ್ಬರ ಮುಖ ನೋಡಲಿಲ್ಲ.

ಬಾಗಿಲ ಹತ್ತಿರ ಬರುವಾಗ ಹೊತ್ತು ಇಳಿದಿತ್ತು. ಬೊಮ್ಮಿ ಓಡಿಬಂದು ಗಂಡನ ಕೈ ಹಿಡಿದುಕೊಂಡಳಂತೆ. ಎಲ್ಲರೂ ಅಂದ ಹಾಗೆ ಸಿಹಿ ಅಂದುಬಿಡಿ, ಈ ಬಸುರಿಯನ್ನು ಕಟ್ಟಿಕೊಂಡು ಎಲ್ಲಿ ಹೋಗ್ತೀರಿ ಅಂತ ಅತ್ತಳಂತೆ. ಅವನು ಕೈ ಬಿಡಿಸಿಕೊಂಡು ಹಲಗೆಯ ಒಳಬದಿಯ ನೀರನ್ನು ಬೊಗಸೆ ತುಂಬ ಎತ್ತಿ, ನಿಧಾನ ಕುಡಿದನಂತೆ.

"ನನ್ನ ಬಾಗಿಲ ನೀರು ಉಪ್ಪು" ಅಂದನಂತೆ. "ಹಲಗೆ ಎಷ್ಟು ಬಿಗಿದರೂ ಒಂದು ಸಂದಿ ಸೋರುತ್ತದೆ. ಗದ್ದೆ ಸುಡುವಷ್ಟಲ್ಲ. ಆದರೂ ಉಪ್ಪು ಉಪ್ಪೇ. ಇನ್ನು ಹೇಳೋದಿದ್ದವರು ಹೇಳಿ."

ಯಾರೂ ಹೇಳಲಿಲ್ಲ. ಹೊತ್ತು ಮುಳುಗುವವರೆಗೆ ನಿಂತರಂತೆ, ಹೇಳಲಿಲ್ಲ. ಹಮ್ಮು ಗೌಡ ಬಸುರಿ ಹೆಂಡತಿಯನ್ನು ದೋಣಿಗೆ ಹತ್ತಿಸಿಕೊಂಡು ಹೋದ.

ಆಮೇಲಿನ ಅಮಾವಾಸ್ಯೆಯ ಉಬ್ಬರಕ್ಕೆ ಹಲಗೆ ಇಳಿಸೋದು ಯಾರಿಗೂ ಸರಿಯಾಗಿ ಬರಲಿಲ್ಲ. ಕಡಲು ಮೂರನೇ ಕೇರಿಯವರೆಗೂ ಏರಿತಂತೆ. ಆಗ ಜಟ್ಟಿ ನಾಯ್ಕ ಕದ್ದು ತೋಡಿದ್ದ ಸಿಗಡಿ ಹೊಂಡ ಬಯಲಾಯಿತು. ಸಿಗಡಿ ಸಾಕಲು ಪಕ್ಕದ ಉಪ್ಪು ಹೊಳೆಯ ಕಡೆಗೆ ಕಾಲುವೆಯ ದಂಡೆ ಕೊರೆದವನು ಅವನೇ, ಉಪ್ಪು ಕಾಲುವೆಗೆ ಬಂದದ್ದು ಅಲ್ಲಿಂದಲೇ. ನೀರಲ್ಲಿ ನಿಂತು ಒಪ್ಪಿಕೊಂಡನಂತೆ. ಆರು ಕೇರಿಯವರೂ ದೋಣಿ ತೆಗೆದುಕೊಂಡು ಹುಡುಕಿದರು. ಹಮ್ಮು ಗೌಡ ಸಿಗಲಿಲ್ಲ. ಈಗಲೂ ಉಬ್ಬರದ ದಿನ ಬಾಗಿಲಲ್ಲಿ ಅವನ ನೆರಳು ಕಾಣುತ್ತದಂತೆ. ಅದು ಸುಳ್ಳು. ಅಷ್ಟಾದ ಮೇಲೆ ಯಾರಾದರೂ ಬರುತ್ತಾರಾ?

ಅವತ್ತಿನಿಂದ ವರ್ಷಕ್ಕೊಂದು ದಿನ ಈ ನಡಿಗೆ. ಈಗ ಯಾವ ಕೇರಿಯವರೂ ತಮ್ಮ ನೀರಿನ ರುಚಿ ತಾವು ಹೇಳೋ ಹಾಗಿಲ್ಲ, ಪಕ್ಕದ ಕೇರಿಯವರೇ ಕುಡಿದು ಹೇಳಬೇಕು. ಕೊನೆಗೆ ಬಾಗಿಲಲ್ಲಿ ಪ್ರತಿಯೊಬ್ಬರೂ ಒಂದು ಬೊಗಸೆ ಕುಡಿದು, ಉಪ್ಪು ಅಂತ ಬಾಯಿಬಿಟ್ಟು ಹೇಳಿದ ಮೇಲೇ ಬುತ್ತಿ ಬಿಚ್ಚೋದು. ನಮ್ಮ ಕೇರಿಯವರು ಮಾತ್ರ ಎರಡು ಬೊಗಸೆ ಕುಡಿಯುತ್ತೇವೆ. ಕುಡಿಯಿರಿ ಅಂತ ಯಾರೂ ಹೇಳಿಲ್ಲ.